ಹುಡುಕಿದರೂ ಸಿಗುತ್ತಿಲ್ಲವೇ? ಪ್ರಾಜೆಕ್ಟ್ ವಿದ್ಯಾರ್ಥಿಗಳಿಗೆ ಕೀವರ್ಡ್ ದೋಷ ನಿವಾರಣೆ ಕೈಪಿಡಿ

ಇದು ದಾವಣಗೆರೆ, ಚಿತ್ರದುರ್ಗ ಕಡೆಯ ಡಿಗ್ರಿ ಮತ್ತು ಪಿ.ಜಿ. ವಿದ್ಯಾರ್ಥಿಗಳಿಗೆಂದು ಬರೆದದ್ದು. ಪ್ರಾಜೆಕ್ಟ್ ಇರಲಿ, ಡಿಸರ್ಟೇಶನ್ ಇರಲಿ, ಪಿಎಚ್.ಡಿ. ಸಿನಾಪ್ಸಿಸ್ ಇರಲಿ, ಲೈಬ್ರರಿ ಕೌಂಟರ್‌ಗೆ ಬರುವ ದೂರು ಒಂದೇ: "ಮೇಡಂ, ನನ್ನ ಟಾಪಿಕ್ ಮೇಲೆ ಯಾರೂ ಕೆಲಸ ಮಾಡಿಲ್ಲ." ಹೊಸ ವಿಷಯ ಸಿಕ್ಕಿತು ಅಂತ ಖುಷಿಪಡುವವರೂ ಇದ್ದಾರೆ. ಅಷ್ಟು ಅವಸರ ಬೇಡ. ಆ ಮಾತು ನಿಜವಾಗುವುದು ಅಪರೂಪ. ದೋಷ ಸಾಮಾನ್ಯವಾಗಿ ಟೈಪ್ ಮಾಡಿದ ಪದಗಳಲ್ಲಿ ಇರುತ್ತದೆ.

ಕಾರಣ ಸರಳ. ನಾವು ಟೈಪ್ ಮಾಡುವುದು ನಮ್ಮ ಪ್ರಶ್ನೆ. ಯಂತ್ರ ಹುಡುಕುವುದು ಇನ್ಯಾರೋ, ಇನ್ಯಾವಾಗಲೋ ಬರೆದ ಪುಟಗಳಲ್ಲಿ. ಅವರು ಅದೇ ಸಂಗತಿಯನ್ನು ಬೇರೆ ಹೆಸರಿನಿಂದ ಕರೆದಿದ್ದರೆ ನಿಮ್ಮ ಪ್ರಶ್ನೆಗೂ ಅವರ ಉತ್ತರಕ್ಕೂ ಭೇಟಿಯೇ ಆಗುವುದಿಲ್ಲ. ಗೂಗಲ್ ಒಂದಿಷ್ಟು ಸಮಾನ ಪದಗಳನ್ನು ತಾನೇ ಊಹಿಸುತ್ತದೆ, ಸ್ಪೆಲ್ಲಿಂಗ್ ತಪ್ಪಿದರೂ ಹೊಂದಿಸಿಕೊಳ್ಳುತ್ತದೆ. ಲೈಬ್ರರಿ ಕ್ಯಾಟಲಾಗ್, ಪ್ರಬಂಧಗಳ ಭಂಡಾರ ಇಂಥ ಕಡೆ ಆ ಉಪಕಾರ ಕಡಿಮೆ. ಅಲ್ಲಿ ಪದ ಹೊಂದಬೇಕು, ಇಲ್ಲದಿದ್ದರೆ ಸೊನ್ನೆ.

ಹಾಗಾಗಿ ಮುಂದೆ ಬರುವ ಎಲ್ಲ ರಿಪೇರಿಗೂ ಬೇರು ಇಲ್ಲಿದೆ: ನನಗೆ ಬೇಕಾದ್ದನ್ನು ಯಾರು ಬರೆದಿರಬಹುದು, ಯಾವಾಗ ಬರೆದಿರಬಹುದು, ಅವರು ಅದನ್ನು ಏನಂತ ಕರೆದಿರಬಹುದು?

ಮೊದಲ ಪರೀಕ್ಷೆ: ದೋಷ ಪದದ್ದೋ, ಜಾಗದ್ದೋ

ಪದ ಬದಲಿಸುವ ಮುಂಚೆ ಜಾಗ ಸರಿಯಿದೆಯಾ ನೋಡಿ. ನಿಮ್ಮ ವಿಷಯದ ಮೇಲೆ ಖಂಡಿತ ಇದೆ ಎಂದು ಗೊತ್ತಿರುವ ಒಂದು ಲೇಖನವನ್ನೋ ಪ್ರಬಂಧವನ್ನೋ ಆರಿಸಿಕೊಳ್ಳಿ. ಗೈಡ್ ಹೇಳಿದ್ದಾದರೂ ಆಯಿತು, ಯಾವುದೋ ಪುಸ್ತಕದ ಕೊನೆಯಲ್ಲಿ ಕೊಟ್ಟಿದ್ದಾದರೂ ಆಯಿತು. ಅದರ ತಲೆಬರಹವನ್ನು ಹಾಗೇ ಟೈಪ್ ಮಾಡಿ. ಸಿಕ್ಕರೆ ಜಾಗ ಸರಿ, ದೋಷ ನಿಮ್ಮ ಪದಗಳದ್ದು. ಸಿಗದಿದ್ದರೆ ಆ ಜಾಗದಲ್ಲಿ ಕೂತು ಪದ ಬದಲಿಸುತ್ತಾ ಹೋಗುವುದು ಸುಮ್ನೆ ಹೊತ್ತು ಹಾಳು.

ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಸಂಸ್ಥೆ ಅದನ್ನು ನಡೆಸುತ್ತದೆ. ಸಂಶೋಧನಾ ಪತ್ರಿಕೆಗಳ ಲೇಖನಗಳಿಗೆ ಗೂಗಲ್ ಸ್ಕಾಲರ್. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್ ಮತ್ತು ಐಐಟಿ ಖರಗ್‌ಪುರದ ನ್ಯಾಷನಲ್ ಡಿಜಿಟಲ್ ಲೈಬ್ರರಿ. ನಮ್ಮವರು ಎಡವುವುದು ಶೋಧಗಂಗಾದಲ್ಲಿ. ದಾವಣಗೆರೆ ವಿಶ್ವವಿದ್ಯಾನಿಲಯದ ಪಟ್ಟಿ ತೆರೆದು, ಅಲ್ಲಿ ಇಲ್ಲದಿದ್ದರೆ ಇಲ್ಲವೇ ಇಲ್ಲ ಎಂದು ತೀರ್ಮಾನಿಸುತ್ತಾರೆ. ಈ ವಿಶ್ವವಿದ್ಯಾನಿಲಯ ಆರಂಭವಾದದ್ದೇ 2009ರಲ್ಲಿ. ಅದಕ್ಕೂ ಮುಂಚೆ ತೋಳಹುಣಸೆಯಲ್ಲಿದ್ದದ್ದು ಕುವೆಂಪು ವಿಶ್ವವಿದ್ಯಾನಿಲಯದ ಪಿ.ಜಿ. ಕೇಂದ್ರ. ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿದ್ದು 1987ರಲ್ಲಿ. ಅದಕ್ಕೂ ಹಿಂದಿನದು ಬೇಕಾದರೆ ಮೈಸೂರು ವಿಶ್ವವಿದ್ಯಾನಿಲಯದ ಕಡೆ ತಿರುಗಬೇಕು. ಕೃಷಿಯ ಪ್ರಬಂಧಗಳು ಕೃಷಿ ವಿಶ್ವವಿದ್ಯಾನಿಲಯಗಳ ಹತ್ತಿರ ಇರುತ್ತವೆ. ಪ್ರಬಂಧ ನಮ್ಮೂರಿನ ಮೇಲಿದ್ದರೂ ಅದು ಇರುವ ಮನೆ ಬೇರೆ ಊರಲ್ಲಿರಬಹುದು.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪದ, ವರ್ಷ, ತಾಣ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎಲ್ಲಿ ಹುಡುಕಿದಿರಿ, ಏನು ಟೈಪ್ ಮಾಡಿದಿರಿ, ಏನು ಬಂತು ಎಂದು ಬರೆದಿಡುತ್ತಾ ಹೋಗಿ. ಇದು ಕೊನೆಯಲ್ಲಿ ಬೇರೆ ರೀತಿಯಲ್ಲೂ ಉಪಯೋಗಕ್ಕೆ ಬರುತ್ತದೆ.

ಲಕ್ಷಣ: ಒಂದೂ ರಿಸಲ್ಟ್ ಇಲ್ಲ

ಇದೇ ಜಾಸ್ತಿ ಕಾಣುವ ದೋಷ, ಆದ್ದರಿಂದ ಇದನ್ನು ನಿಧಾನವಾಗಿ ಬಿಚ್ಚಿ ನೋಡೋಣ.

ಒಂದು ಸಿನಾಪ್ಸಿಸ್‌ನ ತಲೆಬರಹ ಹೀಗಿದೆ ಅಂದುಕೊಳ್ಳಿ: "ದಾವಣಗೆರೆ ನಗರದ ಮಂಡಕ್ಕಿ ಭಟ್ಟಿ ಕಾರ್ಮಿಕರ ಆರೋಗ್ಯ ಸಮಸ್ಯೆಗಳು: ಒಂದು ಅಧ್ಯಯನ." ಒಳ್ಳೆಯ ವಿಷಯ. ಈ ಊರಲ್ಲಿ ಭಟ್ಟಿಗಳ ಹೊಗೆ ನೋಡದವರು ಯಾರಿದ್ದಾರೆ? ಆದರೆ ಈ ಸಾಲನ್ನೇ ಇಂಗ್ಲಿಷ್‌ಗೆ ತಿರುಗಿಸಿ ಸ್ಕಾಲರ್‌ನಲ್ಲಿ ಹಾಕಿದರೆ ಕೆಲಸಕ್ಕೆ ಬರುವಂಥದ್ದು ಏನೂ ಬರುವುದಿಲ್ಲ. ತಲೆಬರಹ ಇರುವುದು ಗೈಡ್‌ಗೆ ತೋರಿಸಲು. ಹುಡುಕಾಟಕ್ಕೆ ಅದು ತೀರಾ ಉದ್ದ.

ಮೊದಲು ಹೊಟ್ಟು ತೂರಿ. "ಒಂದು ಅಧ್ಯಯನ", "ಸಮಸ್ಯೆಗಳು", "ಪರಿಣಾಮ", "ಪಾತ್ರ", "ವಿಶ್ಲೇಷಣಾತ್ಮಕ" ಇವೆಲ್ಲ ಯಾವ ವಿಷಯಕ್ಕೂ ಅಂಟುವ ಪದಗಳು. ಹುಡುಕಾಟದಲ್ಲಿ ಇವು ಏನನ್ನೂ ಬೇರ್ಪಡಿಸುವುದಿಲ್ಲ. ತೆಗೆದುಹಾಕಿ. ಉಳಿಯುವುದು ನಾಲ್ಕು: ಮಂಡಕ್ಕಿ ಭಟ್ಟಿ, ಕಾರ್ಮಿಕ, ಆರೋಗ್ಯ, ದಾವಣಗೆರೆ. ಈಗ ಕಾಗದದ ಮೇಲೆ ನಾಲ್ಕು ಕಂಬ ಎಳೆದು, ಒಂದೊಂದರ ಕೆಳಗೆ ಬೇರೆ ಬೇರೆಯವರು ಬಳಸುವ ಹೆಸರು ಬರೆಯಿರಿ.

ಮಂಡಕ್ಕಿ ಎಂಬ ಮಾತು ನಮ್ಮ ಕಡೆಯದು. ಲೇಖನ ಬರೆಯುವವರು ಅದನ್ನು "ಪಫ್ಡ್ ರೈಸ್" ಅನ್ನುತ್ತಾರೆ. ಬಂಗಾಳದ ಮೇಲೆ ಬರೆದವರು "ಮುರಿ" ಅನ್ನುತ್ತಾರೆ, ಹಿಂದಿ ಸೀಮೆಯವರು "ಮುರ್ಮುರಾ", ತಮಿಳಿನವರು "ಪೊರಿ". ಭಟ್ಟಿಗೆ "ಫರ್ನೇಸ್" ಎಂದೋ "ಪಫಿಂಗ್ ಯೂನಿಟ್" ಎಂದೋ ಇರುತ್ತದೆ. ಇಷ್ಟು ಬರೆದಾಗಲೇ ಬಂಗಾಳ, ಒಡಿಶಾ ಕಡೆ ಇದೇ ಕಸುಬಿನ ಮೇಲೆ ಬರೆದವರು ಇರಬಹುದಲ್ವಾ ಎಂದು ಹೊಳೆಯುತ್ತದೆ.

ಆರೋಗ್ಯದ ಕಂಬ ಇನ್ನೂ ಸ್ವಾರಸ್ಯದ್ದು. ಇಲ್ಲಿ ಯಾರು ಬರೆದಿರಬಹುದು ಎಂಬ ಪ್ರಶ್ನೆ ನೇರವಾಗಿ ಪದಗಳನ್ನೇ ಕೊಡುತ್ತದೆ. ಡಾಕ್ಟರ್ ಬರೆದಿದ್ದರೆ "ರೆಸ್ಪಿರೇಟರಿ ಮಾರ್ಬಿಡಿಟಿ", "ಪಲ್ಮನರಿ ಫಂಕ್ಷನ್", "ಸ್ಪೈರೋಮೆಟ್ರಿ" ಇರುತ್ತದೆ. ಪರಿಸರ ವಿಜ್ಞಾನದವರಾದರೆ "ಬಯೋಮಾಸ್ ಸ್ಮೋಕ್", "ಪರ್ಟಿಕ್ಯುಲೇಟ್ ಮ್ಯಾಟರ್", "ಇಂಡೋರ್ ಏರ್ ಪೊಲ್ಯೂಷನ್". ಕೈಗಾರಿಕಾ ಸುರಕ್ಷತೆಯವರಾದರೆ "ಆಕ್ಯುಪೇಷನಲ್ ಹೆಲ್ತ್", "ಹೀಟ್ ಸ್ಟ್ರೆಸ್". ಸಮಾಜಶಾಸ್ತ್ರದವರು ಆರೋಗ್ಯದ ಮಾತನ್ನೇ ಎತ್ತದೆ "ಇನ್‌ಫಾರ್ಮಲ್ ಸೆಕ್ಟರ್", "ಅನ್‌ಆರ್ಗನೈಸ್ಡ್ ವರ್ಕರ್ಸ್" ಎಂದು ಬರೆದಿರುತ್ತಾರೆ, ಆರೋಗ್ಯ ಒಳಗಿನ ಒಂದು ಅಧ್ಯಾಯದಲ್ಲಿ ಕೂತಿರುತ್ತದೆ. ಒಂದೇ ಹೊಗೆ, ನಾಲ್ಕು ವಿಭಾಗ, ನಾಲ್ಕು ಹೆಸರು. "ಹೆಲ್ತ್ ಪ್ರಾಬ್ಲಮ್ಸ್" ಎಂದು ಮಾತ್ರ ಹುಡುಕಿದವರಿಗೆ ಇವರಲ್ಲಿ ಹೆಚ್ಚಿನವರು ತಪ್ಪಿಹೋಗುತ್ತಾರೆ.

ಈಗ ಒಂದೊಂದು ಕಂಬದಿಂದ ಒಂದೊಂದು ಪದ ತೆಗೆದು ಜೋಡಿಸಿ. ಎರಡು ಕಂಬದಿಂದ ಶುರು ಮಾಡಿ, ನಾಲ್ಕೂ ಒಟ್ಟಿಗೆ ಬೇಡ. ಪಫ್ಡ್ ರೈಸ್ ಮತ್ತು ವರ್ಕರ್ಸ್. ಆಮೇಲೆ ಪಫ್ಡ್ ರೈಸ್ ಮತ್ತು ರೆಸ್ಪಿರೇಟರಿ. ಊರಿನ ಹೆಸರು ಕೊನೆಗೆ. ನಮ್ಮ ವಿದ್ಯಾರ್ಥಿಗಳು ಊರನ್ನೇ ಮೊದಲು ಹಾಕುತ್ತಾರೆ, ಅಲ್ಲೇ ಬಾಗಿಲು ಮುಚ್ಚಿಹೋಗುತ್ತದೆ. ಲಿಟರೇಚರ್ ರಿವ್ಯೂಗೆ ದಾವಣಗೆರೆಯದೇ ಅಧ್ಯಯನ ಬೇಕೆಂದಿಲ್ಲ. ಅದೇ ಕಸುಬು ಬೇರೆ ಊರಲ್ಲಿ ಹೇಗಿದೆ ಎಂಬುದೇ ಅಲ್ಲಿ ಬೇಕಾಗುವುದು.

ಅದೂ ಸಿಗದಿದ್ದರೆ ಒಂದು ಮೆಟ್ಟಿಲು ಮೇಲೆ ಹತ್ತಿ. ಭಟ್ಟಿ ಕಾರ್ಮಿಕರು ಸಿಗದಿದ್ದರೆ ರೈಸ್ ಮಿಲ್ ಕಾರ್ಮಿಕರು ಸಿಗುತ್ತಾರೆ. ಅಲ್ಲೂ ಧೂಳಿದೆ. ಇಟ್ಟಿಗೆ ಗೂಡಿನವರು, ಬೇಕರಿ ಒಲೆ ಮುಂದೆ ನಿಲ್ಲುವವರು ಸಿಗುತ್ತಾರೆ. ಅಲ್ಲೂ ಬಿಸಿಯಿದೆ. ಇವರ ಮೇಲಿನ ಅಧ್ಯಯನಗಳನ್ನು ಓದಿದರೆ ಯಾವ ಪ್ರಶ್ನಾವಳಿ ಬಳಸಿದ್ದಾರೆ, ಏನನ್ನು ಅಳೆದಿದ್ದಾರೆ ತಿಳಿಯುತ್ತದೆ. ನಿಮ್ಮ ಪ್ರಾಜೆಕ್ಟ್‌ಗೆ ಅದು ಸಾಕಷ್ಟು ಬಂಡವಾಳ.

ಸೊನ್ನೆ ಬರಲು ಇನ್ನೆರಡು ಸಣ್ಣ ಕಾರಣಗಳಿವೆ. ಉದ್ಧರಣ ಚಿಹ್ನೆಯೊಳಗೆ ಇಡೀ ವಾಕ್ಯ ಹಾಕಿರುತ್ತೀರಿ. ಚಿಹ್ನೆಯೊಳಗೆ ಹಾಕಿದ್ದು ಅದೇ ಕ್ರಮದಲ್ಲಿ ಇರಬೇಕು ಅಂತ ಅರ್ಥ. ಎರಡು ಮೂರು ಪದದ ನುಡಿಗಟ್ಟಿಗೆ ಮಾತ್ರ ಅದನ್ನು ಬಳಸಿ. ಎರಡನೆಯದು ಸ್ಪೆಲ್ಲಿಂಗ್. ಇಂಗ್ಲಿಷ್‌ನಲ್ಲಿ ದಾವಣಗೆರೆಯನ್ನು ಎರಡು ಥರ ಬರೆಯುತ್ತಾರೆ: ಎನ್ ಅಕ್ಷರದ ನಂತರ ಎ ಇರುವುದು, ಇಲ್ಲದ್ದು. ಜಿಲ್ಲಾಡಳಿತದ ತಾಣದಲ್ಲಿ ಎ ಇದೆ, ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಇಲ್ಲ. ಹಿರಿಯೂರು, ಜಗಳೂರು, ಮೊಳಕಾಲ್ಮೂರು ಕೊನೆಯಲ್ಲಿ ಯು ಇಟ್ಟೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಎರಡನ್ನೂ ಒಟ್ಟಿಗೆ ಕೇಳಬೇಕಾದರೆ ನಡುವೆ ಇಂಗ್ಲಿಷ್‌ನ ಓ, ಆರ್ ಎರಡಕ್ಷರ ಸೇರಿದ ಜೋಡಿಪದ ಹಾಕಿ, ಅಂದರೆ "ಅಥವಾ" ಎನ್ನುವ ಪದ. ದೊಡ್ಡಕ್ಷರದಲ್ಲೇ ಇರಬೇಕು, ಸಣ್ಣಕ್ಷರವಾದರೆ ಅದನ್ನು ಸಾಮಾನ್ಯ ಪದವೆಂದೇ ತಿಳಿಯುತ್ತದೆ.

ಲಕ್ಷಣ: ಹೊಸದು ಸಿಗುತ್ತದೆ, ಹಳೆಯದು ಸಿಗುವುದಿಲ್ಲ

ಇತಿಹಾಸ, ಅರ್ಥಶಾಸ್ತ್ರ, ಭೂಗೋಳದವರಿಗೆ ಕಾಡುವ ದೋಷ ಇದು. ನಮ್ಮ ಎರಡೂ ಜಿಲ್ಲೆಗಳಲ್ಲಿ ಇದು ಬೇರೆ ಕಡೆಗಿಂತ ಜಾಸ್ತಿ.

1991ರ ಜನಗಣತಿಯಲ್ಲಿ ದಾವಣಗೆರೆ ಜಿಲ್ಲೆಯ ಅಂಕಿ ಹುಡುಕಿದರೆ ಸಿಗುವುದಿಲ್ಲ. ಆಗ ಆ ಜಿಲ್ಲೆಯೇ ಇರಲಿಲ್ಲ. ಅದು ಬಂದದ್ದು 1997ರ ಆಗಸ್ಟ್ 15ಕ್ಕೆ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ. ಹರಪನಹಳ್ಳಿ ಬಳ್ಳಾರಿಯಿಂದ. ಆ ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಂದರೆ ಹರಪನಹಳ್ಳಿಯ ಮೇಲೆ ಕೆಲಸ ಮಾಡುವವರು 1991ಕ್ಕೆ ಬಳ್ಳಾರಿಯಲ್ಲಿ, 2001 ಮತ್ತು 2011ಕ್ಕೆ ದಾವಣಗೆರೆಯಲ್ಲಿ, ಈಗಿನದಕ್ಕೆ ವಿಜಯನಗರದಲ್ಲಿ ಹುಡುಕಬೇಕು. ಇದು ಗೊತ್ತಿಲ್ಲದೆ ಜಿಲ್ಲೆಯ ಅಂಕಿಗಳನ್ನು ಹೋಲಿಸಿ, ದಾವಣಗೆರೆಯ ಜನಸಂಖ್ಯೆ ಇದ್ದಕ್ಕಿದ್ದಂತೆ ಕುಸಿದಿದೆ ಎಂದು ಬರೆದರೆ ವೈವಾದಲ್ಲಿ ಉತ್ತರ ಕೊಡುವುದು ಕಷ್ಟ. ಪರಿಹಾರ: ಜಿಲ್ಲೆಯ ಹೆಸರು ಬಿಟ್ಟು ತಾಲ್ಲೂಕಿನ ಹೆಸರಿನಿಂದ ಹುಡುಕಿ. ತಾಲ್ಲೂಕುಗಳೂ ಕೆಲವು ಒಡೆದಿವೆ, ಹೊನ್ನಾಳಿಯಿಂದ ನ್ಯಾಮತಿ ಬೇರೆಯಾದ ಹಾಗೆ. ಆದರೂ ಜಿಲ್ಲೆಗಿಂತ ತಾಲ್ಲೂಕಿನ ಹೆಸರು ಗಟ್ಟಿ.

ರಾಜ್ಯದ ಹೆಸರೂ ಬದಲಾಗಿದೆ. ಕರ್ನಾಟಕ ಎಂದು ಆದದ್ದು 1973ರ ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನ ಸರ್ಕಾರಿ ವರದಿ ಬೇಕಾದರೆ "ಮೈಸೂರು ಸ್ಟೇಟ್" ಎಂದೇ ಹಾಕಬೇಕು. ಇನ್ನೂ ಹಿಂದೆ ಹೋದರೆ ಚಿತ್ರದುರ್ಗವೇ ಕಾಣೆಯಾಗುತ್ತದೆ. ಬ್ರಿಟಿಷರ ಕಾಲದವರು ಅದನ್ನು "ಚಿತಲ್‌ದ್ರುಗ್", "ಚಿತಲ್‌ಡ್ರೂಗ್" ಎಂದು ಬರೆಯುತ್ತಿದ್ದರು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಚಿತ್ರದುರ್ಗ ಜಿಲ್ಲೆಯ ಶಾಸನಗಳಿರುವುದು 11ನೇ ಸಂಪುಟದಲ್ಲಿ, ಅಲ್ಲೂ ಇಂಥದ್ದೇ ಹೆಸರು. ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಉತ್ಖನನ ಮಾಡಿ, ವರದಿಯನ್ನು ಪುರಾತತ್ವ ಇಲಾಖೆಯ ಏನ್ಶಿಯಂಟ್ ಇಂಡಿಯಾ ಪತ್ರಿಕೆಯ 4ನೇ ಸಂಚಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ ಜಿಲ್ಲೆ ಚಿತಲ್‌ದ್ರುಗ್, ರಾಜ್ಯ ಮೈಸೂರು. "ಚಿತ್ರದುರ್ಗ ಕರ್ನಾಟಕ ಉತ್ಖನನ" ಎಂದು ಹುಡುಕುವ ಎಂ.ಎ. ವಿದ್ಯಾರ್ಥಿಗೆ ಈ ವಿಷಯದ ಮೂಲ ವರದಿಯೇ ಎದುರಿಗೆ ಬರದೆ ಹೋಗಬಹುದು.

ಕೆರೆ, ಅಣೆಕಟ್ಟುಗಳಿಗೂ ಇದೇ ಕಥೆ. ಹಿರಿಯೂರಿನ ವೇದಾವತಿಗೆ ಕಟ್ಟಿದ ಅಣೆಕಟ್ಟಿನ ಕೆಲಸ ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಈಗಿನ ಪತ್ರಿಕೆಗಳಲ್ಲಿ ಅದು "ವಾಣಿವಿಲಾಸ ಸಾಗರ" ಅಥವಾ "ವಿವಿ ಸಾಗರ". ಹಳೆಯ ಎಂಜಿನಿಯರಿಂಗ್ ದಾಖಲೆಗಳಲ್ಲಿ "ಮಾರಿಕಣಿವೆ", ಅದೂ ಇಂಗ್ಲಿಷ್‌ನಲ್ಲಿ "ಮಾರಿಕನವೆ" ಥರದ ಸ್ಪೆಲ್ಲಿಂಗ್. 2022ರಲ್ಲಿ ಕೋಡಿ ಬಿದ್ದಾಗ 1933ರ ನಂತರ ಇದೇ ಮೊದಲು ಎಂದು ಎಲ್ಲರೂ ಬರೆದರು. ಆ ಸುದ್ದಿಗೆ ವಿವಿ ಸಾಗರ ಎಂಬ ಪದ ಸಾಕು, 1933ರ ಕಾಲದ ಕಾಗದಕ್ಕೆ ಹಳೆಯ ಹೆಸರನ್ನೂ ಹಾಕಿ ನೋಡಬೇಕು. ಚನ್ನಗಿರಿಯ ಸೂಳೆಕೆರೆಗೆ ಶಾಂತಿಸಾಗರ ಎಂಬ ಹೆಸರೂ ಇದೆ. ಎರಡನ್ನೂ ಹಾಕಿ.

ಸಮುದಾಯಗಳ ಮೇಲೆ ಕೆಲಸ ಮಾಡುವವರು ಈ ಭಾಗವನ್ನು ಎರಡು ಸಲ ಓದಿ. ಲಂಬಾಣಿ, ಲಮಾಣಿ, ಲಂಬಾಡ, ಬಂಜಾರ, ಸುಗಾಲಿ ಇವಿಷ್ಟೂ ದಾಖಲೆಗಳಲ್ಲಿ ಬರುವ ಹೆಸರುಗಳು. ಯಾವುದು ಬರುತ್ತದೆ ಎಂಬುದು ಬರೆದ ಕಾಲ ಮತ್ತು ರಾಜ್ಯದ ಮೇಲೆ ನಿಂತಿದೆ. ಹಳೆಯ ದಾಖಲೆಗಳ ಕೆಲವು ಪದಗಳು ಈಗ ಬಳಸಬಾರದಂಥವು. ಹುಡುಕುವಾಗ ಟೈಪ್ ಮಾಡಲೇಬೇಕಾಗುತ್ತದೆ. ನಿಮ್ಮ ಪ್ರಬಂಧದಲ್ಲಿ ಬರೆಯುವಾಗ ಸಮುದಾಯದವರು ತಮ್ಮನ್ನು ಕರೆದುಕೊಳ್ಳುವ ಹೆಸರನ್ನೇ ಬರೆಯಿರಿ.

ಲಕ್ಷಣ: ಬರುತ್ತದೆ, ಆದರೆ ಬೇರೆಯದೇ ಬರುತ್ತದೆ

"ಹರಿಹರ" ಎಂದು ಹಾಕಿದರೆ ವಿಜಯನಗರದ ದೊರೆ ಬರುತ್ತಾನೆ, ದೇವರು ಬರುತ್ತಾನೆ, ತುಂಗಭದ್ರೆಯ ದಡದ ಊರು ಎಲ್ಲೋ ಕೆಳಗೆ ಇರುತ್ತದೆ. "ಬ್ರಹ್ಮಗಿರಿ" ಎಂದರೆ ಕೊಡಗಿನ ಬೆಟ್ಟ ಮತ್ತು ಟ್ರೆಕ್ಕಿಂಗ್ ಫೋಟೋ. "ಹೊಸದುರ್ಗ" ಎಂದು ಇಂಗ್ಲಿಷ್‌ನಲ್ಲಿ ಹಾಕಿದರೆ ಕಾಸರಗೋಡಿನ ಹೊಸದುರ್ಗವೂ ಬೆರೆಯುತ್ತದೆ.

ಇದಕ್ಕೆ ಮದ್ದು ಎರಡು. ಒಂದು, ಪಕ್ಕದಲ್ಲಿ ಇರಲೇಬೇಕಾದ ಪದ ಸೇರಿಸುವುದು: ಬ್ರಹ್ಮಗಿರಿ ಜೊತೆ ಮೊಳಕಾಲ್ಮೂರು ಅಥವಾ ಅಶೋಕ. ಇನ್ನೊಂದು, ಬೇಡದ ಪದ ಶುರುವಾಗುವ ಮುಂಚೆ, ಜಾಗ ಬಿಡದೆ ಮೈನಸ್ ಗುರುತು ಹಾಕುವುದು: ಮೈನಸ್ ಕೊಡಗು, ಮೈನಸ್ ಟ್ರೆಕ್. ಮೈನಸ್ ಹಾಕುವಾಗ ಜೋಪಾನ. ಎರಡೂ ಊರನ್ನು ಹೆಸರಿಸಿದ ಒಳ್ಳೆಯ ಪುಟವೂ ಅದರ ಜೊತೆ ಹೊರಟುಹೋಗುತ್ತದೆ. ನಾನಂತೂ ಮೊದಲನೆಯದನ್ನೇ ಹೇಳುತ್ತೇನೆ.

ಲಕ್ಷಣ: ಬರೀ ಸುದ್ದಿ, ಯೂಟ್ಯೂಬ್, ಸಂಶೋಧನೆ ಇಲ್ಲ

"ದಾವಣಗೆರೆಯ ಹತ್ತಿ ಮಿಲ್ಲುಗಳು ಯಾಕೆ ಮುಚ್ಚಿದವು?" ಎಂದು ಕೇಳಿದರೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಶುರುವಾಗುವ ನೆನಪಿನ ಬರಹಗಳು ಸಾಲಾಗಿ ಬರುತ್ತವೆ. ಓದಲು ಚೆನ್ನ, ಉಲ್ಲೇಖಕ್ಕೆ ಸಾಲದು. ಪ್ರಶ್ನೆಯ ರೂಪದಲ್ಲಿ ಕೇಳಿದರೆ ಪ್ರಶ್ನೆಗೆ ಉತ್ತರ ಹೇಳುವ ಥರದ ಪುಟಗಳೇ ಮೇಲೆ ಬರುತ್ತವೆ. ಅರ್ಥಶಾಸ್ತ್ರದವರು "ಮಿಲ್ ಮುಚ್ಚಿತು" ಎಂದು ಬರೆಯುವುದಿಲ್ಲ. ಅವರ ಪದ "ಇಂಡಸ್ಟ್ರಿಯಲ್ ಸಿಕ್‌ನೆಸ್". 1985ರಲ್ಲಿ ರೋಗಗ್ರಸ್ತ ಕೈಗಾರಿಕಾ ಕಂಪನಿಗಳ ಕಾಯ್ದೆಯೇ ಬಂತು, 1987ರಲ್ಲಿ ಬಿಐಎಫ್ಆರ್ ಎಂಬ ಮಂಡಳಿ ಕೆಲಸ ಶುರುಮಾಡಿತು. ಆ ಕಾಲದ ಕಾಗದಗಳಲ್ಲಿ "ಸಿಕ್ ಯೂನಿಟ್", "ರಿವೈವಲ್", "ಲಾಕೌಟ್", "ವೈಂಡಿಂಗ್ ಅಪ್" ಎಂಬ ಪದಗಳು ತುಂಬಿರುತ್ತವೆ. ಇವನ್ನು "ಟೆಕ್ಸ್‌ಟೈಲ್ ಮಿಲ್ಸ್ ಕರ್ನಾಟಕ" ಜೊತೆ ಸೇರಿಸಿ ನೋಡಿ, ಬರುವ ಪುಟಗಳ ಜಾತಿಯೇ ಬೇರೆ.

ಕೃಷಿಯವರಿಗೆ ಇದಕ್ಕಿಂತ ಸುಲಭದ ದಾರಿ ಇದೆ: ಸಸ್ಯ, ಹುಳು, ರೋಗಗಳ ವೈಜ್ಞಾನಿಕ ಹೆಸರು. ನಾವು ಮೆಕ್ಕೆಜೋಳ ಅನ್ನುವುದನ್ನು ಬಡಗಣದವರು ಗೋವಿನಜೋಳ ಅನ್ನುತ್ತಾರೆ, ದಕ್ಷಿಣದವರು ಮುಸುಕಿನ ಜೋಳ. ಇಂಗ್ಲಿಷ್‌ನಲ್ಲೂ ಮೇಯ್ಜ್, ಕಾರ್ನ್ ಎಂದು ಎರಡಿದೆ. "ಜಿಯಾ ಮೇಸ್" ಎಂಬುದು ಎಲ್ಲ ಕಡೆ ಒಂದೇ. ಶೇಂಗಾ, ಕಡಲೆಕಾಯಿ, ಗ್ರೌಂಡ್‌ನಟ್, ಪೀನಟ್ ನಾಲ್ಕಕ್ಕೂ "ಅರಾಕಿಸ್ ಹೈಪೊಜಿಯಾ" ಸಾಕು.

ಮೆಕ್ಕೆಜೋಳಕ್ಕೆ ಬಿದ್ದ ಫಾಲ್ ಆರ್ಮಿವರ್ಮ್ ಹುಳುವನ್ನೇ ತೆಗೆದುಕೊಳ್ಳಿ. ಹೆಸರು "ಸ್ಪೊಡಾಪ್ಟೆರಾ ಫ್ರುಜಿಪೆರ್ಡಾ". ಭಾರತದಲ್ಲಿ ಇದು ಮೊದಲು ವರದಿಯಾದದ್ದೇ 2018ರಲ್ಲಿ, ಅದೂ ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಹಾಗಾಗಿ 2018ಕ್ಕೆ ಹಿಂದಿನ ಭಾರತದ ಅಧ್ಯಯನ ಸಿಗಲಿಲ್ಲ ಎಂದು ಕೊರಗುವುದು ಬೇಡ. ಆಫ್ರಿಕಾಕ್ಕೆ ಅದು ಬಂದದ್ದು 2016ರಲ್ಲಿ, ಮೂಲ ಅಮೆರಿಕ ಖಂಡ. ಹಳೆಯ ಕೆಲಸ ಬೇಕಾದರೆ ಊರಿನ ಜಾಗದಲ್ಲಿ ಬ್ರೆಜಿಲ್ ಹಾಕಿ.

ಲಕ್ಷಣ: ಲಕ್ಷಗಟ್ಟಲೆ ರಿಸಲ್ಟ್

ಇದು ಹೆದರುವ ದೋಷವಲ್ಲ. "ಫ್ಲೋರೈಡ್ ಅಂತರ್ಜಲ" ಎಂದರೆ ಲೋಕದ್ದೆಲ್ಲ ಬರುತ್ತದೆ. ಮುಖ್ಯ ನುಡಿಗಟ್ಟಿಗೆ ಉದ್ಧರಣ ಚಿಹ್ನೆ ಹಾಕಿ. ಈಗ ಊರು ಸೇರಿಸಿ, ಇಲ್ಲಿ ಊರು ಕೆಲಸಕ್ಕೆ ಬರುತ್ತದೆ. ಸ್ಕಾಲರ್‌ನಲ್ಲಿ ಎಡಗಡೆ ವರ್ಷದ ಮಿತಿ ಹಾಕಿ. ಸರ್ಕಾರಿ ವರದಿ ಮಾತ್ರ ಸಾಕಾದರೆ ಇಂಗ್ಲಿಷ್ ಅಕ್ಷರದಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಸರ್ಕಾರಿ ತಾಣಗಳ ವಿಳಾಸದ ಬಾಲವನ್ನು (ಗವ್ ಡಾಟ್ ಇನ್) ಹಾಕಿ. ಪದ ತಲೆಬರಹದಲ್ಲೇ ಇರಬೇಕೆಂದರೆ ಅದೇ ಥರ ಇನ್‌ಟೈಟಲ್ ಕೋಲನ್. ಆಮೇಲೂ ಜಾಸ್ತಿ ಅನ್ನಿಸಿದರೆ ನಿಮ್ಮ ವಿಷಯವೇ ಜಾಸ್ತಿ ದೊಡ್ಡದಿರಬಹುದು, ಗೈಡ್ ಹತ್ತಿರ ಹೋಗಿ.

ಲಕ್ಷಣ: ಕನ್ನಡದಲ್ಲಿ ಹುಡುಕಿದರೆ ಪಿಡಿಎಫ್ ಒಳಗಿನದು ಸಿಗುವುದಿಲ್ಲ

ಕನ್ನಡ ಎಂ.ಎ. ಮತ್ತು ಜಾನಪದದವರ ಗೋಳು ಇದು. ಕಾರಣ ನಿಮ್ಮ ಪದವೂ ಆಗಿರಬಹುದು, ಫೈಲೂ ಆಗಿರಬಹುದು. ಪತ್ತೆ ಹಚ್ಚುವುದು ಸುಲಭ. ಅಂಥದ್ದೊಂದು ಪಿಡಿಎಫ್ ತೆರೆದು, ಒಂದು ಸಾಲನ್ನು ಮೌಸ್‌ನಿಂದ ಆರಿಸಿ, ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ.

ಸಾಲು ಆರಿಸಲಿಕ್ಕೇ ಬರದಿದ್ದರೆ ಅದು ಬರೀ ಸ್ಕ್ಯಾನ್ ಮಾಡಿದ ಚಿತ್ರ. ಅದರೊಳಗೆ ಯಂತ್ರಕ್ಕೆ ಕಾಣುವ ಅಕ್ಷರವೇ ಇಲ್ಲ. ಅಂಥದ್ದನ್ನು ಗೂಗಲ್ ಡ್ರೈವ್‌ಗೆ ಏರಿಸಿ, ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಓದಿ ಕೊಡುತ್ತದೆ. ತಪ್ಪುಗಳಿರುತ್ತವೆ, ಹುಡುಕಲು ಸಾಕು.

ಅಂಟಿಸಿದಾಗ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು ಬೆರೆತ ಕಸ ಬಂದರೆ ಅದು ಯೂನಿಕೋಡ್‌ಗೆ (ಈಗ ಕಂಪ್ಯೂಟರ್‌ಗಳೆಲ್ಲ ಬಳಸುವ ಅಕ್ಷರ ವ್ಯವಸ್ಥೆ) ಮುಂಚಿನ ನುಡಿ ಅಥವಾ ಬರಹ ಫಾಂಟ್. ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಅಲ್ಲ. ಹಳೆಯ ಪ್ರಬಂಧಗಳಲ್ಲಿ, ಸರ್ಕಾರಿ ಸುತ್ತೋಲೆಗಳಲ್ಲಿ ಇದು ತುಂಬಾ. ಇಲ್ಲೊಂದು ಉಪಾಯ ಇದೆ. ಯೂನಿಕೋಡ್‌ನಿಂದ ಹಳೆಯ ಫಾಂಟ್‌ಗೆ ಬದಲಿಸುವ ತಂತ್ರಾಂಶಗಳು ಸಿಗುತ್ತವೆ. ನಿಮ್ಮ ಪದವನ್ನು ಆ ಕಸದ ರೂಪಕ್ಕೆ ಬದಲಿಸಿ, ಅದನ್ನೇ ಹುಡುಕುವ ಡಬ್ಬಿಗೆ ಹಾಕಿ. ಕೆಲವು ಸಲ ಸಿಕ್ಕಿಬಿಡುತ್ತದೆ.

ಕನ್ನಡ ಬಂತು, ಆದರೆ ಒತ್ತಕ್ಷರಗಳು ಹಿಂದುಮುಂದಾಗಿವೆ ಎಂದರೆ ಒತ್ತಿಲ್ಲದ ತುಂಡನ್ನು ಹುಡುಕಿ. ಮಂಡಕ್ಕಿಯ ಬದಲು "ಮಂಡ" ಅಷ್ಟೇ.

ಫೈಲು ಸರಿಯಾಗಿದ್ದೂ ಸಿಗದಿದ್ದರೆ ಈಗ ಪದದ ಸರದಿ. ಕನ್ನಡದಲ್ಲಿ ಪದದ ಬಾಲ ಬೆಳೆಯುತ್ತದೆ. ಉದ್ಧರಣ ಚಿಹ್ನೆಯೊಳಗೆ "ಚಿತ್ರದುರ್ಗ" ಎಂದರೆ "ಚಿತ್ರದುರ್ಗದಲ್ಲಿ" ಸಿಗದೆ ಹೋಗಬಹುದು. ಚಿಹ್ನೆ ತೆಗೆಯಿರಿ, ಅಥವಾ ಚಿತ್ರದುರ್ಗದ, ಚಿತ್ರದುರ್ಗದಲ್ಲಿ ಎಂದು ಬೇರೆ ಬೇರೆಯಾಗಿ ಹುಡುಕಿ. ಕೂಡಿಸಿ ಬರೆಯುವ ಪದಗಳನ್ನು ಬಿಡಿಸಿಯೂ ನೋಡಿ: ಮೆಕ್ಕೆಜೋಳ, ಮೆಕ್ಕೆ ಜೋಳ, ಕಾಡುಗೊಲ್ಲ, ಕಾಡು ಗೊಲ್ಲ. ಶೋಧಗಂಗಾದಲ್ಲೂ ಇಂಟರ್ನೆಟ್ ಆರ್ಕೈವ್‌ನಲ್ಲೂ ಕನ್ನಡ ಕೃತಿಯ ತಲೆಬರಹವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಸೇರಿಸಿರುವುದು ಬಹಳ. ಸೇರಿಸಿದವರ ಕಿವಿಗೆ ಹೇಗೆ ಕೇಳಿಸಿತೋ ಹಾಗೆ. ಅಲ್ಲಿ ದೀರ್ಘ, ಹ್ರಸ್ವ ನಂಬಬೇಡಿ. ಒಂದೇ ಒಂದು ಗಟ್ಟಿ ಪದ ಹಾಕಿ ಪಟ್ಟಿಯನ್ನು ಕಣ್ಣಾಡಿಸುವುದೇ ಬೇಗ.

ಲಕ್ಷಣ: ಚಾಟ್‌ಬಾಟ್ ಕೊಟ್ಟ ಲೇಖನ ಎಲ್ಲೂ ಸಿಗುತ್ತಿಲ್ಲ

ಅದು ಇಲ್ಲವೇ ಇಲ್ಲದ ಲೇಖನ ಇರಬಹುದು. ಈ ಯಂತ್ರಗಳು ನಿಜವಾದ ಪತ್ರಿಕೆಯ ಹೆಸರು, ನಂಬುವಂಥ ತಲೆಬರಹ, ವರ್ಷ, ಪುಟಸಂಖ್ಯೆ ಸಮೇತ ಹುಟ್ಟಿಸಿಬಿಡುತ್ತವೆ. ತಲೆಬರಹವನ್ನು ಉದ್ಧರಣ ಚಿಹ್ನೆಯೊಳಗೆ ಸ್ಕಾಲರ್‌ನಲ್ಲಿ ಹಾಕಿ. ಆಮೇಲೆ ಆ ಪತ್ರಿಕೆಯ ತಾಣಕ್ಕೆ ಹೋಗಿ ಆ ಸಂಚಿಕೆಯ ಪರಿವಿಡಿ ನೋಡಿ. ಎರಡೂ ಕಡೆ ಇಲ್ಲವೆಂದರೆ ಬಿಟ್ಟುಬಿಡಿ. ಚಾಟ್‌ಬಾಟ್ ಹತ್ತಿರ ಲೇಖನ ಕೇಳುವ ಬದಲು ಪದ ಕೇಳಿ: ವೈದ್ಯರು ಇದನ್ನು ಏನೆನ್ನುತ್ತಾರೆ, ಬಂಗಾಳದಲ್ಲಿ ಏನೆನ್ನುತ್ತಾರೆ. ಆ ಕೆಲಸಕ್ಕೆ ಅದು ಅಡ್ಡಿಯಿಲ್ಲ, ಯಾಕೆಂದರೆ ಪದ ಸರಿಯೋ ತಪ್ಪೋ ಮುಂದಿನ ಹುಡುಕಾಟದಲ್ಲೇ ಗೊತ್ತಾಗುತ್ತದೆ.

ಒಂದು ಸಿಕ್ಕಮೇಲೆ

ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ ಟೈಪ್ ಮಾಡುವುದನ್ನು ನಿಲ್ಲಿಸಿ, ಅದನ್ನು ಓದಿ. ಸಾರಾಂಶದ ಕೆಳಗೆ ಬರೆದವರೇ ಕೀವರ್ಡ್ ಕೊಟ್ಟಿರುತ್ತಾರೆ. ಅವು ನಿಮ್ಮ ಕಂಬಗಳಿಗೆ ಹೋಗಲಿ. ಕೊನೆಯ ಉಲ್ಲೇಖ ಪಟ್ಟಿ ಹಿಂದಿನ ಕೆಲಸ ತೋರಿಸುತ್ತದೆ. ಸ್ಕಾಲರ್‌ನಲ್ಲಿ ಆ ಲೇಖನದ ಕೆಳಗಿರುವ "ಸೈಟೆಡ್ ಬೈ" ಒತ್ತಿದರೆ ಮುಂದಿನ ಕೆಲಸ ಕಾಣುತ್ತದೆ. ಈ ಎರಡು ದಾರಿಯಲ್ಲಿ ಸಿಗುವಷ್ಟು ಯಾವ ಜಾಣ ಪದದಿಂದಲೂ ಸಿಗುವುದಿಲ್ಲ. ಶೋಧಗಂಗಾದ ಪ್ರಬಂಧಗಳು ಅಧ್ಯಾಯಕ್ಕೊಂದು ಪಿಡಿಎಫ್ ಆಗಿ ಇರುವುದರಿಂದ, ಗ್ರಂಥಸೂಚಿಯ ಫೈಲನ್ನು ಮಾತ್ರ ಇಳಿಸಿಕೊಂಡು ನೋಡಬಹುದು. ಡೇಟಾ ಕಡಿಮೆ ಇರುವವರಿಗೆ ಇದು ಅನುಕೂಲ.

ಎಲ್ಲ ಮಾಡಿದರೂ ಸೊನ್ನೆ

ಪರೀಕ್ಷೆಗೆ ಹಾಕಿದ ಲೇಖನ ಸಿಕ್ಕಿದೆ. ನಾಲ್ಕೂ ಕಂಬದ ಪದಗಳು ಮುಗಿದಿವೆ. ಹೊಸ ಹುಡುಕಾಟದಲ್ಲಿ ಹಳೆಯ ಲೇಖನಗಳೇ ಮತ್ತೆ ಮತ್ತೆ ಬರುತ್ತಿವೆ. ಆಗ ದೋಷ ಪದದ್ದಲ್ಲ ಎಂದು ನಂಬಬಹುದು. ಬೇಕಾದ್ದು ನೆಟ್‌ನಲ್ಲಿ ಇಲ್ಲದೆ ಕಾಗದದಲ್ಲೇ ಇರಬಹುದು: ಕಾಲೇಜಿನ ಕಪಾಟಿನ ಹಳೆಯ ಎಂ.ಫಿಲ್. ಪ್ರಬಂಧ, ಜಿಲ್ಲಾ ಗೆಜೆಟಿಯರ್, ಬೆಂಗಳೂರಿನ ರಾಜ್ಯ ಪತ್ರಾಗಾರದ ಕಡತ. ಇಲಾಖೆಯ ಅಂಕಿಯಾದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಆ ಅರ್ಜಿಗೂ ಇದೇ ನಿಯಮ, ಇಲಾಖೆ ತನ್ನ ರಿಜಿಸ್ಟರ್‌ನಲ್ಲಿ ಬಳಸುವ ಪದವನ್ನೇ ಬರೆಯಬೇಕು.

ಪ್ರಬಂಧದಲ್ಲಿ "ಈ ವಿಷಯದ ಮೇಲೆ ಯಾವ ಅಧ್ಯಯನವೂ ನಡೆದಿಲ್ಲ" ಎಂದು ಬರೆಯಬೇಡಿ. ನೋಟ್‌ಬುಕ್ಕಿನ ಆ ಪುಟ ತೆಗೆದು ಹೀಗೆ ಬರೆಯಿರಿ: "ಶೋಧಗಂಗಾ ಮತ್ತು ಗೂಗಲ್ ಸ್ಕಾಲರ್‌ನಲ್ಲಿ ಇಂತಿಂಥ ಪದಗಳಿಂದ, ಇಂಥ ತಿಂಗಳವರೆಗೆ ಹುಡುಕಿದಾಗ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕುರಿತ ಅಧ್ಯಯನ ಕಂಡುಬಂದಿಲ್ಲ, ರೈಸ್ ಮಿಲ್ ಕಾರ್ಮಿಕರ ಕುರಿತವು ದೊರೆತಿವೆ." ವೈವಾಕ್ಕೆ ಬಂದವರು ಒಂದು ಪದ ಹೇಳಿ "ಇದನ್ನು ಹಾಕಿ ನೋಡಿದ್ರಾ?" ಎಂದು ಕೇಳುವುದುಂಟು. ಪಟ್ಟಿ ಕೈಯಲ್ಲಿರಲಿ.